ಅಪ್‌ಗ್ರೇಡ್ ಆದ ಮೇಲೆ ಲಿನಕ್ಸ್ ಏಳುತ್ತಿಲ್ಲವೇ? ಫಾರ್ಮ್ಯಾಟ್ ಮಾಡಬೇಡಿ

ತಿಪಟೂರಿನ ಕೊಬ್ಬರಿ ಮಂಡಿಯ ಲೆಕ್ಕದ ಕಂಪ್ಯೂಟರ್ ಇರಲಿ, ತುಮಕೂರಿನ ಹಾಸ್ಟೆಲ್ ಹುಡುಗಿಯ ಲ್ಯಾಪ್‌ಟಾಪ್ ಇರಲಿ, ಉಬುಂಟು ಎಂಬ ಲಿನಕ್ಸ್ ಅಪ್‌ಗ್ರೇಡ್ ಮಾಡಿದ ಮೇಲೆ ಪರದೆ ಕಪ್ಪಾಗಿ ನಿಂತರೆ ಸಾಮಾನ್ಯವಾಗಿ ಸಿಗುವ ಸಲಹೆ: 'ಫಾರ್ಮ್ಯಾಟ್ ಮಾಡಿಬಿಡೋಣ'. ದಯವಿಟ್ಟು ಒಪ್ಪಬೇಡಿ. ನಿಮ್ಮ ಫೈಲುಗಳು ಹೆಚ್ಚಾಗಿ ಅಲ್ಲೇ ಇರುತ್ತವೆ. ಕೆಟ್ಟಿರುವುದು ಯಾವುದೋ ಒಂದು ಭಾಗ. ಯಾವುದು ಅಂತ ಲಿನಕ್ಸ್ ಬರೆದಿಟ್ಟಿರುತ್ತದೆ, ನಾವು ಓದಬೇಕು ಅಷ್ಟೆ.

ಮೊದಲು ಹಳೇ ಕರ್ನಲ್‌ನಲ್ಲಿ (ಲಿನಕ್ಸ್‌ನ ತಿರುಳು ಭಾಗ) ಪ್ರಯತ್ನಿಸಿ. ಆನ್ ಮಾಡಿದ ತಕ್ಷಣ ಎಸ್ಕೇಪ್ ಕೀ ಒತ್ತಿ. ಹಳೇ ಬಯಾಸ್ ಯಂತ್ರವಾದರೆ ಶಿಫ್ಟ್ ಹಿಡಿದುಕೊಳ್ಳಿ. ಯಾವುದನ್ನು ಶುರು ಮಾಡಬೇಕು ಅಂತ ಆರಿಸುವ ಗ್ರಬ್ ಮೆನು ಬರುತ್ತದೆ. ಅದರ 'ಅಡ್ವಾನ್ಸ್ಡ್ ಆಪ್ಷನ್ಸ್' ಒಳಗೆ ಹಿಂದಿನ ಕರ್ನಲ್ ಇದ್ದರೆ ಆರಿಸಿ. ಅದರಲ್ಲಿ ಎದ್ದರೆ ತೊಂದರೆ ಹೊಸ ಕರ್ನಲ್‌ನದು, ಇಲ್ಲವೇ ಅದಕ್ಕೆ ಹೊಂದದ ಗ್ರಾಫಿಕ್ಸ್ ಡ್ರೈವರ್‌ನದು. ಏಳದಿದ್ದರೆ ಅಲ್ಲೇ ರಿಕವರಿ ಮೋಡ್ ಆರಿಸಿ ರೂಟ್ ಶೆಲ್‌ಗೆ (ಪೂರ್ಣ ಅಧಿಕಾರದಲ್ಲಿ ಕಮಾಂಡ್ ಟೈಪ್ ಮಾಡುವ ಪರದೆ) ಹೋಗಿ.

ಅಪ್‌ಗ್ರೇಡ್ ನಡುವೆ ಕರೆಂಟ್ ಹೋಗಿತ್ತಾ? ನಮ್ಮ ಕಡೆ ಇದು ಜಾಸ್ತಿ. ಆಗ ಪ್ಯಾಕೇಜುಗಳು (ಸಾಫ್ಟ್‌ವೇರ್ ಕಟ್ಟುಗಳು) ಅರ್ಧಕ್ಕೆ ನಿಂತಿರುತ್ತವೆ. ಅವನ್ನು ಮುಗಿಸಲು ಆ ರೂಟ್ ಶೆಲ್‌ನಲ್ಲಿ 'ಡಿಪಿಕೆಜಿ --ಕಾನ್ಫಿಗರ್ -ಎ', ಆಮೇಲೆ 'ಎಪಿಟಿ -ಎಫ್ ಇನ್‌ಸ್ಟಾಲ್' ಕೊಡಿ. ಇಲ್ಲಿ ಉಚ್ಚಾರಣೆ ಬರೆದಿದ್ದೇವೆ, ಟೈಪ್ ಮಾಡುವಾಗ ಇಂಗ್ಲಿಷ್‌ನ ಸಣ್ಣ ಅಕ್ಷರ ಬಳಸಿ. ಬೂಟ್ ಪಾರ್ಟಿಷನ್ (ಕರ್ನಲ್ ಇಡುವ ಡಿಸ್ಕ್ ಭಾಗ) ತುಂಬಿದ್ದರೂ ಹೀಗಾಗಬಹುದು. 'ಡಿಎಫ್ -ಎಚ್' ಕೊಟ್ಟರೆ ಗೊತ್ತಾಗುತ್ತದೆ.

'ಎಮರ್ಜೆನ್ಸಿ ಮೋಡ್' ಅಂತ ಬಂದರೆ ಜೋಡಿಸಬೇಕಾದ ಡಿಸ್ಕ್‌ಗಳ ಪಟ್ಟಿ ಇರುವ ಎಫ್‌ಎಸ್‌ಟ್ಯಾಬ್ ಫೈಲ್ ನೋಡಿ. ಅದರಲ್ಲಿ ಬರೆದ ಡಿಸ್ಕ್ ಸಿಗದಿದ್ದರೆ ಎಲ್ಲವನ್ನೂ ಶುರು ಮಾಡುವ ಸಿಸ್ಟಮ್‌ಡಿ ಸಾಮಾನ್ಯವಾಗಿ 90 ಸೆಕೆಂಡ್ ಕಾದು ಕೈಚೆಲ್ಲುತ್ತದೆ. ಅಲ್ಲಿರುವ ಯುಯುಐಡಿಯನ್ನು (ಡಿಸ್ಕ್‌ನ ಗುರುತಿನ ಸಂಖ್ಯೆ) 'ಬಿಎಲ್‌ಕೆಐಡಿ' ಕಮಾಂಡ್ ತೋರಿಸುವುದರ ಜತೆ ಹೋಲಿಸಿ. ಆಗಾಗ ಮಾತ್ರ ಸಿಕ್ಕಿಸುವ ಹೊರಗಿನ ಡಿಸ್ಕ್ ಆದರೆ ಅದರ ಸಾಲಿನಲ್ಲಿ, ಡಿಸ್ಕ್ ಸಿಗದಿದ್ದರೂ ಮುಂದುವರಿ ಎನ್ನುವ 'ನೋಫೇಲ್' ಸೇರಿಸಿ.

ಕಂಪ್ಯೂಟರ್ ಎದ್ದಿತು, ಆದರೆ ಒಂದು ಸರ್ವಿಸ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಮಾತ್ರ ಓಡುತ್ತಿಲ್ಲ ಅಂದರೆ 'ಸಿಸ್ಟಮ್‌ಸಿಟಿಎಲ್ --ಫೇಲ್ಡ್' ಹೆಸರು ಹೇಳುತ್ತದೆ. ನಂತರ ಜರ್ನಲ್ (ಲಿನಕ್ಸ್ ಬರೆದಿಟ್ಟ ದಾಖಲೆ) ಓದಲು 'ಜರ್ನಲ್‌ಸಿಟಿಎಲ್ -ಬಿ -ಯು' ಮುಂದೆ ಆ ಹೆಸರು ಕೊಡಿ. ಕೊನೆಯ ಸಾಲಿಗೆ ಹಾರಬೇಡಿ. ಮೊದಲು ಬಿದ್ದ ಎರರ್ ಹುಡುಕಿ, ಉಳಿದವು ಸುಮ್ನೆ ಅದರ ಹಿಂದೆ ಬಂದವು. ಒಂದು ಉದಾಹರಣೆ: ಉಬುಂಟು 18.04ರಿಂದ 20.04ಕ್ಕೆ ಬಂದಾಗ ಮೈಸೀಕ್ವೆಲ್ ಡೇಟಾಬೇಸ್‌ನ 5.7 ಹೋಗಿ 8.0 ಬಂತು. 8.0ರಲ್ಲಿ ಕ್ವೆರಿ ಕ್ಯಾಶ್ (ಕೇಳಿದ ಪ್ರಶ್ನೆಗಳ ಉತ್ತರ ನೆನಪಿಟ್ಟುಕೊಳ್ಳುವ ಸೌಲಭ್ಯ) ಇಲ್ಲ. ಹಳೇ ಕಾನ್ಫಿಗ್‌ನಲ್ಲಿ (ಸೆಟ್ಟಿಂಗ್ ಫೈಲ್) ಅದರ ಸಾಲು ಉಳಿದಿದ್ದರೆ ಡೇಟಾಬೇಸ್ ಶುರುವಾಗಲ್ಲ. ಜರ್ನಲ್‌ನಲ್ಲಿ ಸುಳಿವಿಲ್ಲದಿದ್ದರೆ ಮೈಸೀಕ್ವೆಲ್‌ನ ಎರರ್ ಲಾಗ್‌ನಲ್ಲಿ 'ಅನ್‌ನೋನ್ ವೇರಿಯಬಲ್' ಅಂತ ಸಿಗುತ್ತದೆ. ಕಾನ್ಫಿಗ್ ಫೈಲಿನ ಕಾಪಿ ಇಟ್ಟುಕೊಂಡು ಆ ಸಾಲು ತೆಗೆದು, ಸರ್ವಿಸ್ ರೀಸ್ಟಾರ್ಟ್ ಮಾಡಿ.

ಕೊನೆಗೆ ರೀಬೂಟ್ ಮಾಡಿ ಫೇಲ್ಡ್ ಪಟ್ಟಿ ಮತ್ತೆ ನೋಡಿ. ಅದು ಖಾಲಿ ಆಗುವವರೆಗೂ ಹಳೇ ಕರ್ನಲ್ ಅಳಿಸಬೇಡಿ.