ಪೊಟ್ಟಣದ ಮೇಲಿನ ತಪ್ಪು ಕನ್ನಡ ನನಗೆ ಗಿರಾಕಿಗಳನ್ನು ತಂದ ಬಗೆ: ನನ್ನ ಅನುಭವ

ಮುಂಬಯಿ ಪಕ್ಕದ ಡೊಂಬಿವಲಿಯ ಒಂದು ಕೋಣೆಯಲ್ಲಿ ಕುಳಿತು ಜಾಹೀರಾತು ಮತ್ತು ಪೊಟ್ಟಣಗಳ ಕನ್ನಡ ಬರೆಹವನ್ನು ಸಿದ್ಧಪಡಿಸಿಕೊಡುವ ನನ್ನ ಬಳಿ ಇಂದು ಹದಿನಾಲ್ಕೋ ಹದಿನೈದೋ ಕಾಯಂ ಗಿರಾಕಿಗಳಿದ್ದಾರೆ. ಇವರಲ್ಲಿ ಒಬ್ಬರನ್ನೂ ನಾನು ದರ ಇಳಿಸಿ ಪಡೆದವಳಲ್ಲ. 2019ರಲ್ಲಿ ನಾನು ನೌಕರಿ ಬಿಟ್ಟಾಗ, ಠಾಣೆಯಲ್ಲಿ ಹೋಟೆಲು ನಡೆಸುವ ನನ್ನ ಭಾವ, “ಮುಂಬಯಿಯಲ್ಲಿ ಕನ್ನಡ ಬರೆದು ಯಾರಿಗೆ ಮಾರುತ್ತಿ? ಅದಕ್ಕಿಂತ ನಮ್ಮ ಹೋಟೆಲಿನ ಗಲ್ಲಾದಲ್ಲಿ ಬಂದು ಕೂತುಕೋ” ಎಂದಿದ್ದರು. ಅನುವಾದದ ಕಸುಬಿನಲ್ಲಿ ನನಗಿಂತ ಹಳಬರಾದವರು ಇನ್ನೊಂದು ಮಾತು ಹೇಳಿದ್ದರು: ತಪ್ಪು ಎತ್ತಿ ತೋರಿಸಿದವರಿಗೆ ಈ ಊರಿನಲ್ಲಿ ಯಾರೂ ಕೆಲಸ ಕೊಡುವುದಿಲ್ಲ. ಅವರ ಮಾತು ಅರ್ಧ ನಿಜವೆಂದು ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು.

ಮೊದಲ ವರ್ಷದ ಕಥೆ ಎಲ್ಲರದೂ ಒಂದೇ ಆದ್ದರಿಂದ ಬೇಗ ಹೇಳಿ ಮುಗಿಸುತ್ತೇನೆ. ಬಿಡಿ ಕೆಲಸ ಹಂಚುವ ಜಾಲತಾಣಗಳಲ್ಲಿ ಹರಾಜಿನಂತೆ ದರ ಕೂಗಿದೆ; ಸುಮಾರು ಮುನ್ನೂರು ಕಚೇರಿಗಳಿಗೆ ಪರಿಚಯಪತ್ರ ಕಳುಹಿಸಿದೆ, ಉತ್ತರ ಬಂದದ್ದು ನಾಲ್ಕರಿಂದ. ಅನುವಾದ ಸಂಸ್ಥೆಗಳು ಪದಕ್ಕೆ ಎಂಬತ್ತು ಪೈಸೆ ಎಂದದ್ದು ಕೆಲವೇ ತಿಂಗಳಲ್ಲಿ ನಲವತ್ತಕ್ಕೆ ಇಳಿಯಿತು, ಆಮೇಲೆ ಯಂತ್ರಾನುವಾದವನ್ನು ಕಳುಹಿಸಿ “ಸುಮ್ಮನೆ ಒಮ್ಮೆ ಕಣ್ಣಾಡಿಸಿ” ಎನ್ನುವುದು ಶುರುವಾಯಿತು. ಅಂಧೇರಿಯ ಒಂದು ಸಂಸ್ಥೆ ಮೂವತ್ತೆಂಟು ಸಾವಿರ ರೂಪಾಯಿಯಷ್ಟು ಬಾಕಿ ಉಳಿಸಿಕೊಂಡು ದೂರವಾಣಿ ಎತ್ತುವುದನ್ನೇ ನಿಲ್ಲಿಸಿತು. ಆ ವರ್ಷ ನನ್ನ ಒಟ್ಟು ಗಳಿಕೆ ಒಂದೂವರೆ ಲಕ್ಷವನ್ನೂ ಮುಟ್ಟಲಿಲ್ಲ.

ದಾರಿ ಕಂಡದ್ದು ಕುಂದಾಪುರದಲ್ಲಿ. ಮತ್ಸ್ಯಗಂಧಾ ರೈಲಿನಿಂದ ಇಳಿದು ಮನೆಗೆ ಹೋಗುವ ದಾರಿಯಲ್ಲಿ ಕೊಂಡ ಬಿಸ್ಕತ್ತಿನ ಪೊಟ್ಟಣದ ಮೇಲೆ ದಪ್ಪ ಅಕ್ಷರಗಳಲ್ಲಿ “ಸಕ್ಕರೆ ಉಚಿತ” ಎಂದಿತ್ತು. ಸಕ್ಕರೆ ಇಲ್ಲವೆಂದು ಹೇಳಬೇಕಾದಲ್ಲಿ ಸಕ್ಕರೆಯನ್ನು ಪುಕ್ಕಟೆ ಹಂಚಿದ್ದರು. ನಗು ಮುಗಿದ ಮೇಲೆ ಪೊಟ್ಟಣ ತಿರುಗಿಸಿ ನೋಡಿದೆ: ತಯಾರಕರ ವಿಳಾಸ ಮುಂಬಯಿಯದು. ಪೊಟ್ಟಣ ಸರಕುಗಳ 2011ರ ನಿಯಮಗಳ ಪ್ರಕಾರ ತಯಾರಕರ ಹೆಸರು, ವಿಳಾಸ, ಗ್ರಾಹಕರು ದೂರು ಹೇಳಬೇಕಾದ ಸಂಪರ್ಕ, ಇವಿಷ್ಟೂ ಪೊಟ್ಟಣದ ಮೇಲೆ ಇರಲೇಬೇಕು. ನಾನು ಹಣ ಕೊಟ್ಟು ಕೊಂಡ ಸಂಪರ್ಕಪಟ್ಟಿಗಳಿಗಿಂತ ಒಳ್ಳೆಯ ಪಟ್ಟಿ ಕಿರಾಣಿ ಅಂಗಡಿಯ ಕಪಾಟಿನಲ್ಲಿ ಸಾಲಾಗಿ ನಿಂತಿತ್ತು. ಆ ರಜೆಯಲ್ಲಿ ಕುಂದಾಪುರ ಮತ್ತು ಉಡುಪಿಯ ಅಂಗಡಿಗಳಿಂದ ಅರವತ್ತಕ್ಕೂ ಹೆಚ್ಚು ಪೊಟ್ಟಣಗಳ ಚಿತ್ರ ತೆಗೆದು ತಂದೆ. ಅವುಗಳಲ್ಲಿ ಇಪ್ಪತ್ತರಷ್ಟು ಮುಂಬಯಿ, ಠಾಣೆ, ಪುಣೆಗಳಿಂದ ಬಂದವು.

ಮೊದಲ ಸುತ್ತು ಪೂರ್ತಿ ಕೆಟ್ಟಿತು. ತಪ್ಪನ್ನು ಗುರುತಿಸಿ ಪೊಟ್ಟಣದ ಮೇಲಿದ್ದ ಗ್ರಾಹಕ ಸಂಪರ್ಕಕ್ಕೇ ಕಳುಹಿಸಿದಾಗ ಒಂದು ಕಂಪನಿ ನನ್ನನ್ನು ದೂರುದಾರಳೆಂದು ತಿಳಿದು ಕ್ಷಮೆ ಕೇಳಿ ಎರಡು ಡಬ್ಬ ಬಿಸ್ಕತ್ತು ಕಳುಹಿಸಿತು. ಎರಡನೆಯ ಸುತ್ತಿನಲ್ಲಿ ಮಾರಾಟ ವಿಭಾಗದ ಹಿರಿಯರಿಗೆ ಬರೆದೆ. ಅವರಿಗೆ ಅದು ಅವಮಾನವಾಗಿ ಕಂಡಿತು. ಹಳಬರು ಎಚ್ಚರಿಸಿದ್ದು ಇದನ್ನೇ. ಮೂರನೆಯ ಸುತ್ತಿನಲ್ಲಿ, ಜಾಹೀರಾತು ಸಂಸ್ಥೆಗಳಲ್ಲಿ ಅಚ್ಚಿನ ವಿನ್ಯಾಸ ಅಂದರೆ ಆರ್ಟ್‌ವರ್ಕ್ ಮುಗಿಸಿ ಮುದ್ರಣಕ್ಕೆ ಕಳುಹಿಸುವ ಸ್ಟುಡಿಯೊ ಮುಖ್ಯಸ್ಥರನ್ನು ಹಿಡಿದೆ. ತಪ್ಪು ಅಚ್ಚಾದರೆ ಬೈಗುಳ ತಿನ್ನುವವರು ಇವರು, ಕನ್ನಡ ಓದಲು ಬಾರದವರೂ ಇವರೇ. ಅವರ ಪಾಲಿಗೆ ನಮ್ಮ ಲಿಪಿ ಜಿಲೇಬಿ. ಯಾವ ಪೊಟ್ಟಣ ಯಾವ ಸ್ಟುಡಿಯೊದಲ್ಲಿ ಸಿದ್ಧವಾಯಿತೆಂದು ನಾನು ಪತ್ತೆ ಹಚ್ಚುವ ಬಗೆಯನ್ನು ಇಲ್ಲಿ ಹೇಳುವುದಿಲ್ಲ, ಏಕೆಂದರೆ ನನ್ನ ಹೊಟ್ಟೆಪಾಡು ಅದರ ಮೇಲೆ ನಿಂತಿದೆ.

ಅವರಿಗೆ ಕಳುಹಿಸುತ್ತಿದ್ದುದು ಒಂದೇ ಪುಟ: ಎಡಕ್ಕೆ ಅಚ್ಚಾದ ಚಿತ್ರ, ಬಲಕ್ಕೆ ಅದೇ ಅಳತೆಯಲ್ಲಿ ನಾನು ಸರಿಪಡಿಸಿ ಜೋಡಿಸಿದ ಬರೆಹ, ಕೆಳಗೆ ನನ್ನ ಸಂಖ್ಯೆ. ದರ ಬರೆಯುತ್ತಿರಲಿಲ್ಲ. “ತಪ್ಪು” ಎಂಬ ಪದವನ್ನೂ ಬರೆಯುತ್ತಿರಲಿಲ್ಲ. “ಮರುಮುದ್ರಣದ ಸಮಯದಲ್ಲಿ ಉಪಯೋಗಕ್ಕೆ ಬಂದೀತು” ಎಂದಷ್ಟೇ ಬರೆಯುತ್ತಿದ್ದೆ. ಮೊದಲ ಹನ್ನೆರಡು ಪುಟಗಳಿಗೆ ಮೂವರು ಕರೆ ಮಾಡಿದರು, ಅವರಲ್ಲಿ ಇಬ್ಬರು ಇಂದಿಗೂ ನನ್ನ ಗಿರಾಕಿಗಳು.

ಅವರೊಂದಿಗೆ ಮಾತನಾಡಿದ ಮೇಲೆ ನನಗೆ ತಿಳಿದದ್ದೇನೆಂದರೆ ಅನುವಾದ ಅವರ ತಲೆನೋವಿನ ಸಣ್ಣ ಭಾಗ ಮಾತ್ರ. ಯಾರೋ ಸರಿಯಾಗಿಯೇ ಅನುವಾದಿಸಿ ಕಳುಹಿಸಿದ ಕನ್ನಡವು ಆರ್ಟ್‌ವರ್ಕಿಗೆ ಅಂಟಿಸಿದೊಡನೆ ಒಡೆಯುತ್ತಿತ್ತು. ಪುಟ ಜೋಡಿಸುವ ತಂತ್ರಾಂಶವಾದ ಇನ್‌ಡಿಸೈನಿನಲ್ಲಿ ನಮ್ಮಂಥ ಲಿಪಿಗಳಿಗೆ ಬೇಕಾದ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಆರಿಸದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ “ವರ್ಷ” ಎಂಬುದು “ವರ್‌ಷ” ಆಗುತ್ತದೆ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಕಳುಹಿಸಿದ್ದು ಅವರ ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ತೆರೆದುಕೊಳ್ಳುತ್ತದೆ. ದೇವನಾಗರಿಗೆ ಹೊಂದಿಸಿದ ಸಾಲುಗಳ ಅಂತರವನ್ನು ಹಾಗೆಯೇ ಬಿಟ್ಟರೆ ನಮ್ಮ ಒತ್ತುಗಳು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತವೆ. ಇವೆಲ್ಲಕ್ಕಿಂತ ಅಪಾಯದ್ದು ಸಾಲು ಮುರಿಯುವುದು: “ಶುಲ್ಕ ವಿಧಿಸಲಾಗುವುದಿಲ್ಲ” ಎಂಬಲ್ಲಿ “ಲ್ಲ” ಮಾತ್ರ ಮುಂದಿನ ಸಾಲಿಗೆ ಜಾರಿ, ಅಲ್ಲಿ ಜಾಗ ಸಾಲದೆ ಕತ್ತರಿಸಿ ಹೋದ ಕರಪತ್ರವೊಂದನ್ನು ನಾನು ಮುದ್ರಣಕ್ಕೆ ಹೋಗುವ ಹಿಂದಿನ ರಾತ್ರಿ ಹಿಡಿದೆ. ಆ ಒಂದು ರಾತ್ರಿಯ ಕೆಲಸ ನನಗೆ ಆ ಸ್ಟುಡಿಯೊದಿಂದ ವರ್ಷಕ್ಕೆ ಎರಡು ಲಕ್ಷದಷ್ಟು ವ್ಯವಹಾರ ತಂದಿತು.

ಅಂದಿನಿಂದ ನಾನು ಪದದ ಲೆಕ್ಕದಲ್ಲಿ ಮಾರುವುದನ್ನು ಬಿಟ್ಟೆ. ಬರೆಹವನ್ನು ಅವರ ಅಳತೆಗೆ ಜೋಡಿಸಿ, ಅಕ್ಷರಗಳನ್ನು ಔಟ್‌ಲೈನ್ ಮಾಡಿ, ಅಂದರೆ ಅವುಗಳನ್ನು ಗೆರೆಚಿತ್ರವಾಗಿಸಿ, ಒಡೆಯಲಾಗದ ಪಿಡಿಎಫ್ ಕೊಡುತ್ತೇನೆ, ಮುದ್ರಣದ ಕೊನೆಯ ಪ್ರತಿಯನ್ನು ನಾನೇ ನೋಡಿ ಒಪ್ಪಿಗೆ ಹೇಳುತ್ತೇನೆ. ಚಿಕ್ಕದಿರಲಿ ದೊಡ್ಡದಿರಲಿ, ಒಂದು ಕೆಲಸಕ್ಕೆ ಕನಿಷ್ಠ ಒಂದೂವರೆ ಸಾವಿರ, ರಾತ್ರಿ ಒಂಬತ್ತರ ಮೇಲೆ ಅದರ ಎರಡರಷ್ಟು. ಆರು ಪದದ ಶೀರ್ಷಿಕೆಗೆ ಒಂದೂವರೆ ಸಾವಿರವೇ ಎಂದು ಅನುವಾದಕ ಮಿತ್ರರು ನಕ್ಕಿದ್ದರು. ಈಗ ಅವರಲ್ಲಿ ಇಬ್ಬರು ನನಗಾಗಿ ಕರಡು ತಿದ್ದುತ್ತಾರೆ.

2024ರ ಆರಂಭದಲ್ಲಿ ಅದೃಷ್ಟವೂ ಜೊತೆಗೂಡಿತು. ಕರ್ನಾಟಕದಲ್ಲಿ ಅಂಗಡಿಗಳ ನಾಮಫಲಕದ ಶೇಕಡಾ 60ರಷ್ಟು ಭಾಗ ಕನ್ನಡದಲ್ಲಿರಬೇಕೆಂಬ ಒತ್ತಾಯ ಬಿಗಿಯಾದಾಗ, ಮುಂಬಯಿಯಲ್ಲಿ ಕಚೇರಿಯೂ ಬೆಂಗಳೂರಿನಲ್ಲಿ ಮಳಿಗೆಗಳೂ ಇರುವ ಕಂಪನಿಗಳಿಗೆ ಒಮ್ಮೆಲೇ ಕನ್ನಡ ಬೇಕಾಯಿತು. ಅದಕ್ಕೂ ಹಿಂದಿನ ನವೆಂಬರಿನಲ್ಲಿ ಮುಂಬಯಿಯ ಅಂಗಡಿಗಳ ಮರಾಠಿ ನಾಮಫಲಕಗಳಿಗಾಗಿ ಇದೇ ಕಂಪನಿಯವರು ಓಡಾಡಿದ್ದನ್ನು ಕಂಡಿದ್ದ ನಾನು, ಅವರ ಹೆಸರುಗಳನ್ನು ಕನ್ನಡದಲ್ಲಿ ಹೇಗೆ ಬರೆಯಬಹುದೆಂಬ ಮೂರು ಮೂರು ಮಾದರಿಗಳನ್ನು ಮೊದಲೇ ಸಿದ್ಧ ಮಾಡಿಟ್ಟಿದ್ದೆ. ಫೆಬ್ರುವರಿ ತಿಂಗಳೊಂದರಲ್ಲೇ ಸುಮಾರು ಒಂದು ಲಕ್ಷದ ಹತ್ತು ಸಾವಿರದ ಬಿಲ್ಲು ಮಾಡಿದೆ.

ಹಣ ವಸೂಲಿಯಲ್ಲಿ ನನಗೆ ನೆರವಾದದ್ದು ಸಣ್ಣ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರ ಮಾಡುವ ಉದ್ಯಮ್ ನೋಂದಣಿ. ಅದಕ್ಕೆ ಶುಲ್ಕವಿಲ್ಲ. ಅತಿಸಣ್ಣ, ಸಣ್ಣ ಉದ್ಯಮಗಳಿಗೆ ಒಪ್ಪಂದವಿದ್ದರೂ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ತಡವಾದರೆ, ಹಣ ಕೊಡುವ ವರ್ಷದವರೆಗೂ ಗಿರಾಕಿಗಳು ಆ ಖರ್ಚನ್ನು ತಮ್ಮ ತೆರಿಗೆ ಲೆಕ್ಕದಲ್ಲಿ ಕಳೆಯುವಂತಿಲ್ಲ ಎಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಬಿಲ್ಲಿನ ಮೇಲೆ ನೋಂದಣಿ ಸಂಖ್ಯೆ ಅಚ್ಚು ಮಾಡಿಸಿದ ಮೇಲೆ ಮಾರ್ಚ್ ತಿಂಗಳಲ್ಲಿ ಲೆಕ್ಕ ವಿಭಾಗದವರೇ ನನಗೆ ಕರೆ ಮಾಡುವುದುಂಟು. ಅಂಧೇರಿಯ ಮೂವತ್ತೆಂಟು ಸಾವಿರ ಮಾತ್ರ ಇಂದಿಗೂ ಬಂದಿಲ್ಲ.

ನಡುವೆ ಮಾಡಿದ ಪ್ರಯೋಗಗಳಲ್ಲಿ ಕೆಲವು ನೆಲ ಕಚ್ಚಿದವು. ಮುಂಬಯಿ ಮಾಟುಂಗದ ಕನ್ನಡಿಗರ ಹೋಟೆಲುಗಳಿಗೆ ತಿಂಡಿಪಟ್ಟಿಯನ್ನು ಕನ್ನಡದಲ್ಲಿ ಮಾಡಿಕೊಡುವೆನೆಂದು ಹೋದಾಗ ಮೂರು ಕಡೆ ಒಳ್ಳೆಯ ಕಾಫಿ ಕೊಟ್ಟರು, ಬಿಲ್ಲಿನ ಮಾತು ಬಂದಾಗ “ನಮ್ಮವರೇ ಅಲ್ಲವೇ” ಎಂದರು. ಜಾಹೀರಾತಿಗೆ ದನಿ ಕೊಡಲು ಎಂಟು ಸಾವಿರದ ಮೈಕ್ ಕೊಂಡೆ, ಆದರೆ ಹಳಿಯ ಪಕ್ಕದ ಮನೆಯಲ್ಲಿ ಎರಡು ಲೋಕಲ್ ರೈಲುಗಳ ನಡುವೆ ಒಂದು ವಾಕ್ಯವೂ ಮುಗಿಯಲಿಲ್ಲ.

ಈಗ ಸೋಲಾಪುರದ ತೆಲುಗು ಗೆಳತಿಯೊಬ್ಬಳನ್ನು ಸೇರಿಸಿಕೊಂಡು ಇದೇ ಒಂದು ಪುಟದ ಕ್ರಮವನ್ನು ತೆಲುಗಿಗೆ ಹೊಂದಿಸುತ್ತಿದ್ದೇನೆ. ಪೊಟ್ಟಣಗಳನ್ನು ಹೈದರಾಬಾದಿನಿಂದ ಅವಳ ತಂಗಿ ಕಳುಹಿಸುತ್ತಾಳೆ. ಇದುವರೆಗೆ ಹೋದ ಪುಟಗಳು ಒಂಬತ್ತು, ಬಂದ ಕರೆ ಒಂದು. ದರ ಕೇಳಿದ್ದಾರೆ, ಕೆಲಸ ಇನ್ನೂ ಬಂದಿಲ್ಲ.