ಬಿಯರ್ ಕಿಟ್ ಕೊಳ್ಳುವ ಮೊದಲು ಅಂಗಡಿಯಲ್ಲಿ ನೋಡಬೇಕಾದದ್ದು

ನಾನಿರುವ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಮನೆಯಲ್ಲಿ ಬಿಯರ್ ಮಾಡುವುದು ನಮ್ಮ ಕಡೆ ಉಪ್ಪಿನಕಾಯಿ ಹಾಕಿದಷ್ಟೇ ಸಹಜ. 1862ರಲ್ಲಿ ಇದೇ ಊರಿನಲ್ಲಿ ಶುರುವಾದ ಕೂಪರ್ಸ್ ಬಿಯರ್ ಕಂಪನಿಯವರ 1.7 ಕಿಲೋ ಕಿಟ್ ಡಬ್ಬ ಇಲ್ಲಿನ ಸೂಪರ್‌ಮಾರ್ಕೆಟ್ಟಿನಲ್ಲೂ ಸಿಗುತ್ತದೆ. ಡಬ್ಬದೊಳಗಿರುವುದು ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ, ಹಾಪ್ಸ್ ಎಂಬ ಹೂವಿನ ಕಹಿ ಬೆರೆತ ಗಟ್ಟಿ ಸಾರ. ಅದಕ್ಕೆ ಸಕ್ಕರೆ, ನೀರು, ಯೀಸ್ಟ್ ಸೇರಿಸಿ ಹುದುಗಿಸಿದರೆ 23 ಲೀಟರ್ ಬಿಯರ್ ಆಗುತ್ತದೆ. ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದನ್ನು ಕರ್ನಾಟಕದ 1965ರ ಅಬಕಾರಿ ಕಾಯ್ದೆ ಒಪ್ಪುವುದಿಲ್ಲ. ಹಾಗಾಗಿ ಈ ಬರಹ ಇಂಥ ಊರುಗಳಿಗೆ ಬಂದು ನೆಲೆಸಿ, ಮೊದಲ ಡಬ್ಬ ಕೊಳ್ಳಲು ಹೊರಟ ಕನ್ನಡಿಗರಿಗಾಗಿ. ಮೊದಲ ಸಲವೇ ಬಿಯರ್ ಕೆಟ್ಟರೆ ಹೆಚ್ಚಿನವರು ತಮ್ಮ ಕೈಗುಣವನ್ನು ದೂರಿ ಹುದುಗಿಸುವ ಡ್ರಮ್ಮನ್ನು ಮೂಲೆಗೆ ಸೇರಿಸುತ್ತಾರೆ. ಎಷ್ಟೋ ಸಲ ತಪ್ಪು ಅವರದಲ್ಲ, ಹಳೆಯ ಸರಕಿನದು. ಅದನ್ನು ನೋಡಿದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಅರಸೀಕೆರೆಯಲ್ಲಿ ನಮ್ಮ ತಂದೆಯವರದು ದಿನಸಿ ಅಂಗಡಿ. ಹೊಸ ಸರಕು ಬಂದರೆ ಹಿಂದಿನ ಸಾಲಿಗೆ, ಹಳೆಯದು ಮುಂದಿನ ಸಾಲಿಗೆ. ಅದು ಅವರ ಕಟ್ಟುನಿಟ್ಟು. ಎಲ್ಲ ದೇಶದ ಅಂಗಡಿಯವರೂ ಮಾಡುವುದು ಅದನ್ನೇ. ಆದ್ದರಿಂದ ಕೈಯನ್ನು ಕಪಾಟಿನ ಹಿಂದಕ್ಕೆ ಚಾಚಿ, ಅಲ್ಲಿರುವ ಡಬ್ಬ ತೆಗೆದು, ಎರಡರ ದಿನಾಂಕವನ್ನೂ ಹೋಲಿಸಿ ನೋಡಿ. ಸಂಕೋಚ ಬೇಡ.

ದಿನಾಂಕದ ವಿಷಯದಲ್ಲಿ ಒಂದು ಕಾನೂನು ತಿಳಿದಿರಲಿ. ಆಸ್ಟ್ರೇಲಿಯಾದಲ್ಲಿ ‘ಯೂಸ್ ಬೈ’ ದಿನ ಕಳೆದ ಪದಾರ್ಥವನ್ನು ಮಾರುವಂತಿಲ್ಲ. ‘ಬೆಸ್ಟ್ ಬಿಫೋರ್’ ದಿನ ಕಳೆದದ್ದನ್ನು, ಅದು ಕೆಟ್ಟಿಲ್ಲದಿದ್ದರೆ, ಮಾರಬಹುದು. ಬಿಯರ್ ಕಿಟ್‌ಗಳ ಮೇಲಿರುವುದು ಎರಡನೆಯದು. ಅಂದರೆ ದಿನ ಕಳೆದ ಡಬ್ಬ ಕಪಾಟಿನಲ್ಲಿ ಕಂಡರೆ ಅಂಗಡಿಯವರು ಕಾನೂನು ಮುರಿದರು ಎಂದು ಜಗಳಕ್ಕೆ ಹೋಗಬೇಕಿಲ್ಲ. ನೋಡಿ ಕೊಳ್ಳುವ ಹೊಣೆ ನಮ್ಮದು.

ಇನ್ನು ಮುಖ್ಯ ಮಾತು. ಕಿಟ್ ಎಂದರೆ ಒಂದೇ ಪದಾರ್ಥವಲ್ಲ. ಡಬ್ಬದೊಳಗಿನ ಮಾಲ್ಟ್ ಸಾರದ ಆಯಸ್ಸು ಬೇರೆ, ಮುಚ್ಚಳದಡಿ ಇಟ್ಟಿರುವ ಯೀಸ್ಟ್ ಪೊಟ್ಟಣದ ಆಯಸ್ಸು ಬೇರೆ. ಮಾಲ್ಟ್ ಸಾರ ನಿಧಾನವಾಗಿ ಹಳತಾಗುತ್ತದೆ: ಸಕ್ಕರೆ ಮತ್ತು ಅಮೈನೋ ಆಮ್ಲಗಳು ಒಂದರೊಡನೊಂದು ವರ್ತಿಸಿ ಬಣ್ಣ ಕಪ್ಪಾಗುತ್ತದೆ, ರುಚಿಯಲ್ಲಿ ಸೋಯಾ ಸಾಸ್‌ನ ಛಾಯೆ ಬರುತ್ತದೆ. ಕುಡಿದರೆ ಆರೋಗ್ಯಕ್ಕೆ ಕೆಡುಕಿಲ್ಲ, ಆದರೆ ತಿಳಿ ಹೊಂಬಣ್ಣದ ಲಾಗರ್ ಬೇಕೆಂದು ತಂದವರಿಗೆ ಕಂದು ಬಣ್ಣದ ಮಂಕು ಬಿಯರ್ ಸಿಗುತ್ತದೆ. ಡಬ್ಬ ಉಬ್ಬಿದ್ದರೆ ಮಾತ್ರ ದಿನಾಂಕವನ್ನೂ ನೋಡಬೇಡಿ, ಅಲ್ಲಿಯೇ ಬಿಟ್ಟು ಬನ್ನಿ.

ಯೀಸ್ಟ್ ಹಾಗಲ್ಲ, ಅದು ಸಕ್ಕರೆಯನ್ನು ಮದ್ಯವಾಗಿಸುವ ಜೀವ. ಒಣ ಯೀಸ್ಟ್ ಫ್ರಿಜ್ಜಿನ ತಂಪಿನಲ್ಲಿ ಎರಡು ಮೂರು ವರ್ಷ ಚೆನ್ನಾಗಿರುತ್ತದೆ. ಬಿಸಿಯಲ್ಲಿ ಬಲು ಬೇಗ ಸಾಯುತ್ತದೆ. ಅಡಿಲೇಡ್‌ನ ಜನವರಿಯಲ್ಲಿ ಹೊರಗೆ 40 ಡಿಗ್ರಿ ದಾಟುವ ದಿನಗಳಿರುತ್ತವೆ. ಅಂಥ ಬೇಸಿಗೆಯನ್ನು ತಗಡಿನ ಗೋದಾಮಿನಲ್ಲೋ ಬಿಸಿಲು ಬೀಳುವ ಗಾಜಿನ ಪಕ್ಕದಲ್ಲೋ ಕಳೆದ ಡಬ್ಬದ ಯೀಸ್ಟನ್ನು, ದಿನಾಂಕಕ್ಕೆ ಇನ್ನೂ ಆರು ತಿಂಗಳಿದ್ದರೂ, ನಾನು ನಂಬುವುದಿಲ್ಲ. ಹಾಗಾಗಿ ಅಂಗಡಿಯೊಳಗೆ ಕಾಲಿಟ್ಟೊಡನೆ ನಾನು ಮೊದಲು ಹುಡುಕುವುದು ಫ್ರಿಜ್ಜನ್ನು. ಬಿಡಿ ಯೀಸ್ಟ್ ಪೊಟ್ಟಣಗಳು ಅದರೊಳಗಿದ್ದರೆ ಅಂಗಡಿಯವರಿಗೆ ವಿಷಯ ಗೊತ್ತಿದೆ ಎಂದರ್ಥ. ಕೌಂಟರಿನ ಮೇಲೆ ಬುಟ್ಟಿಯಲ್ಲಿಟ್ಟಿದ್ದರೆ ನಾನು ಆ ಅಂಗಡಿಯಲ್ಲಿ ಬಾಟಲಿ ಮುಚ್ಚಳ ಕೊಂಡೇನು, ಯೀಸ್ಟ್ ಕೊಳ್ಳುವುದಿಲ್ಲ. ದ್ರವರೂಪದ ಯೀಸ್ಟ್ ಇನ್ನೂ ನಾಜೂಕು. ಅದರ ಬಾಳಿಕೆ ತಿಂಗಳುಗಳ ಲೆಕ್ಕದ್ದು, ಫ್ರಿಜ್ಜಿನ ಹೊರಗೆ ಕಂಡರೆ ಮುಟ್ಟಬೇಡಿ.

ಮನೆಗೆ ತಂದ ಯೀಸ್ಟಿನ ಬಗ್ಗೆ ಅನುಮಾನವಿದ್ದರೆ ಪರೀಕ್ಷೆ ಸುಲಭ. ಕುದಿಸಿ ಆರಿಸಿದ ನೀರನ್ನು, ಯೀಸ್ಟಿನ ತೂಕದ ಹತ್ತರಷ್ಟು, ಅಂದರೆ 7 ಗ್ರಾಂ ಪೊಟ್ಟಣಕ್ಕೆ 70 ಮಿಲಿಲೀಟರ್, ಶುಚಿಯಾದ ಲೋಟಕ್ಕೆ ಹಾಕಿ. ನೀರು 30ರಿಂದ 35 ಡಿಗ್ರಿಯಷ್ಟು ಬೆಚ್ಚಗಿರಲಿ. ಚಿಟಿಕೆ ಸಕ್ಕರೆ ಸೇರಿಸಿ, ಯೀಸ್ಟನ್ನು ಮೇಲೆ ಉದುರಿಸಿ, ಕಲಕದೆ ಕಾಲು ಗಂಟೆ ಬಿಡಿ. ಆಮೇಲೆ ಮೆಲ್ಲಗೆ ಕಲಕಿ. ನೊರೆಯೆದ್ದು ಕೆನೆಗಟ್ಟಿದರೆ ಬದುಕಿದೆ. ಅರ್ಧ ಗಂಟೆ ಕಳೆದರೂ ತಳದಲ್ಲಿ ಕೆಸರಾಗಿ ಕುಳಿತಿದ್ದರೆ ಆ ಯೀಸ್ಟಿಗೆ 23 ಲೀಟರನ್ನು ಒಪ್ಪಿಸಬೇಡಿ. ಈ ಪರೀಕ್ಷೆಯನ್ನು ಡಬ್ಬ ತೆರೆಯುವ ಮೊದಲೇ ಮಾಡಿ. ಸಿಹಿ ದ್ರಾವಣ ಸಿದ್ಧವಾದ ಮೇಲೆ ಯೀಸ್ಟ್ ಸತ್ತಿದೆಯೆಂದು ತಿಳಿದರೆ, ನೀವು ಬೇರೆ ಯೀಸ್ಟ್ ತರುವಷ್ಟರಲ್ಲಿ ಬೇಡದ ಬ್ಯಾಕ್ಟೀರಿಯಾಗಳು ಅಲ್ಲಿ ಮನೆ ಮಾಡಿರುತ್ತವೆ.

ಬಿಯರಿಗೆ ಕಹಿ, ಪರಿಮಳ ಕೊಡುವ ಹಾಪ್ಸ್ ಕೊಳ್ಳುವಾಗ ಕಣ್ಣು ಮೂಗು ಎರಡೂ ಬೇಕು. ಗಾಳಿ ತೆಗೆದು ಬಿಗಿಯಾಗಿ ಮುಚ್ಚಿದ ಬೆಳ್ಳಿಬಣ್ಣದ ಪೊಟ್ಟಣ ಒಳ್ಳೆಯದು. ಒಳಗಿನ, ಹಾಪ್ಸ್ ಪುಡಿಯನ್ನು ಒತ್ತಿ ಮಾಡಿದ ಉಂಡೆಗಳು ಕಾಣುವ ತೆಳು ಪ್ಲಾಸ್ಟಿಕ್ ಚೀಲ ಒಳ್ಳೆಯದಲ್ಲ. ಕಾಣುವಂತಿದ್ದರೆ ಅವು ಹಸಿರಾಗಿರಬೇಕು. ಹಳದಿಗೋ ಕಂದಿಗೋ ತಿರುಗಿ ಚೀಸ್ ಅಥವಾ ಬೆವರಿದ ಕಾಲುಚೀಲದ ವಾಸನೆ ಬಂದರೆ ಅವುಗಳೊಳಗಿನ ಕಹಿ ಆಮ್ಲಗಳು ಗಾಳಿ ತಗುಲಿ ಒಡೆದಿವೆ. ಪೊಟ್ಟಣದ ಮೇಲೆ ಬೆಳೆಯ ವರ್ಷವಿದ್ದರೆ ಅದನ್ನೂ ಓದಿ. ಅಮೆರಿಕ, ಯೂರೋಪಿನ ಹಾಪ್ಸ್ ಕೊಯ್ಲು ಆಗಸ್ಟ್–ಸೆಪ್ಟೆಂಬರಿನಲ್ಲಿ. ಆಸ್ಟ್ರೇಲಿಯಾ, ನ್ಯೂಜಿಲೆಂಡಿನದು ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ತಳಿಯಿಂದ ತಳಿಗೆ ಬಾಳಿಕೆಯೂ ಬೇರೆ. ಕ್ಯಾಸ್ಕೇಡ್ ಬೇಗ ಸೊರಗುತ್ತದೆ, ಮ್ಯಾಗ್ನಮ್ ತಾಳಿಕೊಳ್ಳುತ್ತದೆ.

ಬಾರ್ಲಿ ಮಾಲ್ಟನ್ನು ಕಾಳಿನ ರೂಪದಲ್ಲೇ ಕೊಳ್ಳುವವರು ಎರಡು ಕಾಳು ಬಾಯಿಗೆ ಹಾಕಿ ಕಡಿಯಿರಿ. ಗರಿಗರಿಯಾಗಿದ್ದರೆ ಸರಿ, ಮೆತ್ತಗಾಗಿದ್ದರೆ ತೇವ ಎಳೆದಿದೆ. ತಳದಲ್ಲಿ ಹಿಟ್ಟಿನಂಥ ಧೂಳಿದ್ದರೆ ನುಸಿಯಿದೆಯೇ ನೋಡಿ. ಮೊದಲೇ ಪುಡಿ ಮಾಡಿಟ್ಟದ್ದಕ್ಕಿಂತ ಎದುರಿಗೇ ಪುಡಿ ಮಾಡಿಸಿ, ಕೆಲವೇ ವಾರಗಳಲ್ಲಿ ಬಳಸಿ. ಮಾಲ್ಟ್ ಸಾರದ ಪುಡಿಯಾದರೆ ಚೀಲವನ್ನು ಹಿಸುಕಿದರೆ ಸಾಕು, ಕಲ್ಲಾಗಿದ್ದರೆ ಬೇಡ.

ಅರ್ಧ ಬೆಲೆಗೆ ಇಟ್ಟಿರುವ, ದಿನ ಕಳೆದ ಡಬ್ಬಗಳನ್ನು ನಾನು ಬಿಡುವುದಿಲ್ಲ. ಆದರೆ ಆರಿಸಿ ಕೊಳ್ಳುತ್ತೇನೆ. ಸ್ಟೌಟ್, ಡಾರ್ಕ್ ಏಲ್‌ನಂಥ ಕಪ್ಪು ಬಗೆಯವು ಕೆಲವು ತಿಂಗಳು ಹಳೆಯದಾದರೂ ಚಿಂತೆಯಿಲ್ಲ, ಹುರಿದ ಮಾಲ್ಟಿನ ರುಚಿಯಲ್ಲಿ ಆ ಹಳತನ ಕರಗಿಹೋಗುತ್ತದೆ. ಲಾಗರ್, ಪೇಲ್ ಏಲ್‌ನಂಥ ತಿಳಿಬಣ್ಣದ ಬಗೆಯ ಡಬ್ಬಗಳನ್ನು ಪುಕ್ಕಟೆ ಕೊಟ್ಟರೂ ತರುವುದಿಲ್ಲ. ತಂದ ಡಬ್ಬದ ಜೊತೆಗಿನ ಯೀಸ್ಟನ್ನು ಸ್ವಲ್ಪ ನೀರಿನಲ್ಲಿ ಹತ್ತು ನಿಮಿಷ ಕುದಿಸಿ ಡ್ರಮ್ಮಿಗೆ ಸುರಿಯುತ್ತೇನೆ. ಸತ್ತ ಯೀಸ್ಟ್ ಹೊಸ ಯೀಸ್ಟಿಗೆ ಆಹಾರ. ಫ್ರಿಜ್ಜಿನಿಂದ ತಂದ 11.5 ಗ್ರಾಂನ ಹೊಸ ಏಲ್ ಯೀಸ್ಟ್ ಹಾಕಿ, ಸಕ್ಕರೆಯ ಬದಲು ಒಂದು ಕಿಲೋ ತಾಜಾ ಮಾಲ್ಟ್ ಪುಡಿ ಬೆರೆಸಿ, 18ರಿಂದ 20 ಡಿಗ್ರಿಯಲ್ಲಿ ಹುದುಗಿಸುತ್ತೇನೆ. ಡಬ್ಬದೊಳಗಿನ ಹಾಪ್ಸ್‌ನ ಪರಿಮಳ ವರ್ಷ ಕಳೆದಂತೆ ಮಂಕಾಗುವುದರಿಂದ ಹುದುಗುವಿಕೆ ಮುಗಿಯಲು ಮೂರು ದಿನವಿರುವಾಗ 20 ಗ್ರಾಂನಷ್ಟು ಹೊಸ ಹಾಪ್ಸ್ ಹಾಕಿದರೆ ಚೆನ್ನ.

ಎಲ್ಲ ನೋಡಿ ತಂದ ಮೇಲೂ ಕೊನೆಗೆ ಉಳಿಯುವ ಕೆಲಸ ಸಾಮಾನನ್ನು ಜೋಪಾನವಾಗಿಡುವುದು. ರಸೀದಿಯನ್ನು ಬಿಯರ್ ಆಗುವವರೆಗೆ ಇಟ್ಟುಕೊಳ್ಳಿ. ಯೀಸ್ಟನ್ನು ಕಾರಿನ ಡಿಕ್ಕಿಯಲ್ಲಿ ಬಿಟ್ಟು ಬೇರೆ ಕೆಲಸಕ್ಕೆ ಹೋಗಬೇಡಿ, ನೇರ ಮನೆಯ ಫ್ರಿಜ್ಜಿಗೆ ತನ್ನಿ. ಅರ್ಧ ಬಳಸಿದ ಹಾಪ್ಸ್ ಪೊಟ್ಟಣದ ಗಾಳಿಯನ್ನು ಒತ್ತಿ ಹೊರಹಾಕಿ, ಬಿಗಿಯಾಗಿ ಮುಚ್ಚಿ, ತೆರೆದ ದಿನಾಂಕ ಬರೆದು ಫ್ರೀಜರಿನಲ್ಲಿಡಿ.