ಮಲೆನಾಡಿನ ಹೆಣಿಗೆಗೆ ಯಾವ ದಾರ ಕೊಳ್ಳಬೇಕು?

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಉಲ್ಲನ್ ಕೇಳಿದರೆ ಅಂಗಡಿಯವರು ಮೊದಲು ಬಣ್ಣ ತೋರಿಸುತ್ತಾರೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರು ಬಣ್ಣಕ್ಕಿಂತ ಮೊದಲು ಯೋಚಿಸಬೇಕಾದ್ದು ಆಷಾಢದಲ್ಲಿ ಆ ದಾರ ಎಷ್ಟು ದಿನಕ್ಕೆ ಒಣಗುತ್ತದೆ ಎಂಬುದನ್ನು.

ಹತ್ತಿ ದಾರ ಮೈಗೆ ಹಿತ, ಆದರೆ ನೀರು ಕುಡಿದರೆ ಬಿಡುವುದಿಲ್ಲ. ಎರಡು ಮೂರು ದಿನ ಒದ್ದೆಯಾಗಿಯೇ ಉಳಿದರೆ ಮುಗ್ಗು ವಾಸನೆ ಹಿಡಿದು ಕಪ್ಪು ಚುಕ್ಕಿ ಏಳುತ್ತದೆ. ಆ ಚುಕ್ಕಿ ಸುಲಭಕ್ಕೆ ಹೋಗುವುದಿಲ್ಲ. ಹಗ್ಗಕ್ಕೆ ನೇತುಹಾಕಿದರೆ ನೀರಿನ ಭಾರಕ್ಕೆ ಉದ್ದವೂ ಆಗುತ್ತದೆ. ಉಣ್ಣೆ ತನ್ನ ತೂಕದ ಸುಮಾರು ಮೂರರಲ್ಲೊಂದು ಭಾಗ ತೇವ ಹೀರಿದರೂ ಒದ್ದೆ ಅನ್ನಿಸುವುದಿಲ್ಲ, ಬೆಚ್ಚಗೇ ಇರುತ್ತದೆ. ಒಣಗುವುದು ಮಾತ್ರ ನಿಧಾನ. (ಕಂಬಳಿಕೊಪ್ಪೆ ಮಳೆ ತಡೆಯುತ್ತದಲ್ಲ ಎಂದು ಉಣ್ಣೆ ಸ್ವೆಟರ್ ಹಾಕಿ ಗದ್ದೆಗಿಳಿಯಬೇಡಿ. ಕಂಬಳಿಯದು ಒರಟು ಉಣ್ಣೆಯ ಒತ್ತು ನೇಯ್ಗೆ, ಹೆಣಿಗೆಯಲ್ಲಿ ಇರುವುದೆಲ್ಲ ಕಿಂಡಿ.) ಅಕ್ರಿಲಿಕ್ ನೀರನ್ನು ಒಳಗೆ ಹೀರುವುದೇ ಕಡಿಮೆ, ಹಿಂಡಿ ಹರಡಿದರೆ ಬೇಗ ಒಣಗುತ್ತದೆ. ಶಾಲೆಗೆ ಹೋಗುವ ಮಕ್ಕಳ ಮಳೆಗಾಲದ ಸ್ವೆಟರಿಗೆ ಅದೇ ಸರಿ. ಬಚ್ಚಲೊಲೆಯ ಮೇಲಿನ ಹಗ್ಗದಲ್ಲಿ ಮಾತ್ರ ಒಣಹಾಕಬೇಡಿ: ಕಿಡಿ ತಗುಲಿದರೆ ಕರಗುತ್ತದೆ. ಬಿಸಿ ಇಸ್ತ್ರಿ ತಾಗಿದರೂ ಚಪ್ಪಟೆಯಾಗಿ ಜೋಲುತ್ತದೆ, ಮತ್ತೆ ಪುಟಿಯುವುದಿಲ್ಲ.

ನಮ್ಮ ಕಡೆ ಅಂಗಡಿಗಳಲ್ಲಿ ಅಕ್ರಿಲಿಕ್‌ಗೂ ಉಲ್ಲನ್ ಎಂದೇ ಹೆಸರು. ಅನುಮಾನವಿದ್ದರೆ ಎರಡಂಗುಲ ದಾರವನ್ನು ಚಿಮಟದಲ್ಲಿ ಹಿಡಿದು, ನೀರು ತುಂಬಿದ ಸ್ಟೀಲ್ ತಟ್ಟೆಯ ಮೇಲೆ ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ. ಕಾಗದದ ವಾಸನೆ, ಬಿಳಿಬೂದು ಬೂದಿಯಾದರೆ ಹತ್ತಿ. ಕರಗಿ ಗಟ್ಟಿ ಕರಿಮಣಿಯಾದರೆ ಅಕ್ರಿಲಿಕ್.

ದಪ್ಪದ ವಿಷಯದಲ್ಲಿ ‘ಪ್ಲೈ’ ಅಂಕಿಯನ್ನು ಪೂರ್ತಿ ನಂಬಬೇಡಿ. ಅದು ಮೂಲತಃ ಎಳೆಗಳ ಲೆಕ್ಕ, ಎಳೆಯೇ ದಪ್ಪವಿದ್ದರೆ ನಾಲ್ಕೆಳೆಯ ದಾರವೂ ದಪ್ಪವಾಗಿರುತ್ತದೆ. ಲೇಬಲ್ಲಿನಲ್ಲಿ 100 ಗ್ರಾಮಿಗೆ ಎಷ್ಟು ಮೀಟರ್ ಎಂದು ನೋಡಿ. ಸುಮಾರು 400 ಮೀಟರ್ ಇದ್ದರೆ ಸಣ್ಣ ದಾರ, 2.5ರಿಂದ 3 ಮಿ.ಮೀ. ಕಡ್ಡಿ. 200ರಿಂದ 250 ಇದ್ದರೆ ಡಿಕೆ (ಡಬಲ್ ನಿಟಿಂಗ್, ಅಂದರೆ ಮಧ್ಯಮ ದಪ್ಪದ ದಾರ), 4 ಮಿ.ಮೀ. ಕಡ್ಡಿ. ನಮ್ಮ ಮಾಘದ ಚಳಿಗೆ ಡಿಕೆ ಧಾರಾಳ; ಅದಕ್ಕಿಂತ ದಪ್ಪದ ಸ್ವೆಟರ್ ಹತ್ತು ಗಂಟೆಯ ಬಿಸಿಲಿಗೇ ಕಳಚಿ ಬೀಳುತ್ತದೆ. ಒಂದೇ ದಪ್ಪದಲ್ಲಿ ಹತ್ತಿ ಹೆಚ್ಚು ತೂಗುತ್ತದೆ, ಹಾಗಾಗಿ ಗ್ರಾಮಿನ ಬದಲು ಮೀಟರಿನಲ್ಲಿ ಲೆಕ್ಕ ಹಾಕಿ. ದೊಡ್ಡವರ ಡಿಕೆ ಸ್ವೆಟರಿಗೆ 1200ರಿಂದ 1500 ಮೀಟರ್ ಬೇಕು. ಅದನ್ನೇ ಕ್ರೋಶಾದಲ್ಲಿ (ಕೊಕ್ಕೆಯ ಹೆಣಿಗೆಯಲ್ಲಿ) ಮಾಡಿದರೆ ಮೂರರಲ್ಲೊಂದು ಪಾಲು ಹೆಚ್ಚು ಹಿಡಿದುಕೊಳ್ಳಿ. ಕೂಸಿನ ಕುಲಾವಿಗೆ 50 ಗ್ರಾಂ ಸಾಕು, ಜುಂಗು ಏಳುವ ದಾರ ಮಾತ್ರ ಬೇಡ, ಬಾಯಿಗೆ ಹೋಗುತ್ತದೆ.

ಎಲ್ಲ ಉಂಡೆಗಳ ಲಾಟ್ ನಂಬರ್ (ಒಟ್ಟಿಗೆ ಬಣ್ಣ ಹಾಕಿದ ಕಂತಿನ ಗುರುತು) ಒಂದೇ ಇರಲಿ, ಒಂದು ಉಂಡೆ ಹೆಚ್ಚೇ ತನ್ನಿ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಕಾಣದ ಛಾಯೆ ಬೆನ್ನ ಮೇಲೆ ಪಟ್ಟೆಯಾಗಿ ಕಾಣುತ್ತದೆ. ಬೇರೆ ಲಾಟ್ ಬಂದೇಬಿಟ್ಟರೆ ಎರಡು ಸಾಲು ಹಳೆಯದು, ಎರಡು ಸಾಲು ಹೊಸದು ಎಂದು ಬೆರೆಸಿ ಹೆಣೆಯಿರಿ.

ಕ್ರೋಶಾದ ಬಾಗಿಲ ತೋರಣಕ್ಕೆ 20 ನಂಬರಿನ ಮರ್ಸರೈಸ್ಡ್ (ಹೊಳಪು ಬರುವಂತೆ ಸಂಸ್ಕರಿಸಿದ) ಹತ್ತಿ ದಾರ ಚೆನ್ನ; 40 ಅದಕ್ಕಿಂತ ಸಣ್ಣ. ಸಡಿಲ ಹುರಿಯದ್ದಾದರೆ ಕೊಕ್ಕೆ ಎಳೆಯ ನಡುವೆ ನುಗ್ಗಿ ಸೀಳುತ್ತದೆ. ಕೆಂಪು ದಾರವನ್ನು ಒದ್ದೆ ಬಿಳಿ ಬಟ್ಟೆಗೆ ಉಜ್ಜಿ, ಬಣ್ಣ ಬಿಡುತ್ತದೆಯೇ ನೋಡಿಯೇ ಬಿಳಿಯ ಜೊತೆ ಸೇರಿಸಿ.

ಹೆಣೆಯುವ ಮುಂಚೆ 15 ಸೆಂ.ಮೀ. ಚೌಕದ ಮಾದರಿ ಹಾಕಿ, ಒಗೆದು, ಒಣಗಿಸಿ, ನಡುವಿನ 10 ಸೆಂ.ಮೀ.ಯಲ್ಲಿ ಕುಣಿಕೆ ಎಣಿಸಿ. ನೀವು ನೋಡಿ ಹೆಣೆಯುವ ನಮೂನೆಯ ಪ್ರಕಾರ 22 ಬರಬೇಕಾದಲ್ಲಿ 20 ಬಂದರೆ 100 ಸೆಂ.ಮೀ. ಎದೆಯ ಸ್ವೆಟರ್ 110 ಆಗುತ್ತದೆ. ಆಗ ಒಂದು ಅಳತೆ ಸಣ್ಣ ಕಡ್ಡಿ ಹಿಡಿಯಿರಿ. ಒಗೆಯದೆ ಅಳೆದ ಮಾದರಿ, ಅದರಲ್ಲೂ ಹತ್ತಿಯದು, ಸುಳ್ಳು ಹೇಳುತ್ತದೆ.

ಉಳಿದ ಉಣ್ಣೆಯನ್ನು ಬಿಸಿಲಿಗೆ ಹಿಡಿದು, ಪೂರ್ತಿ ಒಣಗಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಲೇಬಲ್ ಎಸೆಯಬೇಡಿ, ಅದರ ಜೊತೆ ಐದಾರು ಮೀಟರ್ ದಾರ ಸುತ್ತಿಟ್ಟರೆ ಮುಂದೆ ಮೊಣಕೈ ಹರಿದಾಗ ತೇಪೆಗೆ ಆಗುತ್ತದೆ.